ಷಡ್ಡಕನ ಕ್ಯಾಮೆರಾ, ನಮ್ಮ ತಾಮ್ರದ ಕೊಡ

ಮನುಷ್ಯನ ಆರು ವೈರಿಗಳಲ್ಲಿ ಮತ್ಸರವನ್ನು ಹಿರಿಯರು ಕೊನೆಯಲ್ಲಿ ಎಣಿಸಿದ್ದಾರೆ. ಅದರಿಂದ ರಾಜ್ಯಗಳು ಎದ್ದಿವೆ, ಅದರಿಂದಲೇ ಮಣ್ಣುಗೂಡಿವೆ, ಋಷಿಗಳ ತಪಸ್ಸು ಕೆಟ್ಟಿದೆ. ನನ್ನ ತಪಸ್ಸು ಕೆಟ್ಟದ್ದು ಒಂದು ಕಬ್ಬಿಣದ ಕಂಬದಿಂದ. ಅದೂ ನಮ್ಮ ಶಹಾಪುರದ ಕಂಬವಲ್ಲ, ಸುರಪುರದ್ದು.

ಕಂಬ ನಿಂತದ್ದು ನನ್ನ ಷಡ್ಡಕನ ಗೇಟಿಗೆ ಎದುರಾಗಿ. ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಇಬ್ಬರೂ ಯಾದಗಿರಿಯ ಒಂದೇ ಮನೆಯ ಅಳಿಯಂದಿರು. ಅವನು ಹಿರಿಯ, ನಾನು ಕಿರಿಯ. ಈ ಎರಡು ಶಬ್ದಗಳ ನಡುವಿನ ದೂರವನ್ನು ಅಳಿಯನಾಗದವರಿಗೆ ತಿಳಿಸಿ ಹೇಳುವುದು ಕಷ್ಟ. ಮೂವತ್ತು ವರ್ಷಗಳಿಂದ ಆ ಮನೆಯಲ್ಲಿ ಹೋಳಿಗೆ ಮೊದಲು ಅವನ ಎಲೆಗೆ ಬೀಳುತ್ತದೆ, ಆಮೇಲೆ ನನ್ನ ಎಲೆಗೆ. ತುಪ್ಪದ ಮಿಳ್ಳಿ ಅವನ ಎಲೆಯ ಮೇಲೆ ಬಗ್ಗಿದಷ್ಟು ನನ್ನ ಎಲೆಯ ಮೇಲೆ ಬಗ್ಗುವುದಿಲ್ಲ. ಅವನು ನಾರಾಯಣಪುರದ ಡ್ಯಾಮಿನ ಕಚೇರಿಯಲ್ಲಿ ನೀರಿನ ಮಟ್ಟ ಬರೆದಿಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಬರೆದಿಡುತ್ತಿದ್ದನಷ್ಟೇ, ಆದರೆ ಕೃಷ್ಣೆಯನ್ನು ಏರಿಸಿ ಇಳಿಸುತ್ತಿದ್ದವನು ಅವನೇ ಎಂಬ ನಂಬಿಕೆ ಅತ್ತೆಯ ಮನೆಯಲ್ಲಿ ಬೇರೂರಿತ್ತು. ನಾನು ಶಹಾಪುರದಲ್ಲಿ ಕನ್ನಡ ಟೈಪಿಂಗ್ ಕಲಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಕಲಿಯುವವರು ಹೋದರು, ಯಂತ್ರ ಉಳಿಯಿತು. ಈಗ ತಾಲ್ಲೂಕು ಕಚೇರಿಯ ಎದುರಿಗೆ ಕೂತು ಜನರ ಅರ್ಜಿಗಳನ್ನು ಟೈಪು ಮಾಡುತ್ತೇನೆ. ಇದರಿಂದ ನದಿ ಏರುವುದಿಲ್ಲ.

ಕ್ಯಾಮೆರಾದ ಸುದ್ದಿ ಬಂದದ್ದು ಯಾದಗಿರಿಯ ಊಟದ ಪಂಕ್ತಿಯಲ್ಲಿ. ಪಟ್ಟಣಗಳಲ್ಲಿ ಕಳವು ಕಡಿಮೆಯಾಗಲೆಂದು ಸರ್ಕಾರ ಅನುದಾನ ಕೊಟ್ಟಿತ್ತು. ನಮ್ಮ ಮೂರೂ ಊರುಗಳಿಗೆ ಪಾಲು ಬಂದಿತ್ತು. ಯಾದಗಿರಿ ಜಿಲ್ಲಾ ಕೇಂದ್ರ, ಅಲ್ಲಿ ಕಂಬಗಳು ಬೇಕಾದಷ್ಟು. ಅಲ್ಲಿಯವರು ಅವನ್ನು ಮೇಲೆ ಕೂತ ಕಾಗೆಯಷ್ಟೂ ಲೆಕ್ಕಕ್ಕಿಟ್ಟಿರಲಿಲ್ಲ. ಶಹಾಪುರದಲ್ಲಿ ಬಸ್ ನಿಲ್ದಾಣಕ್ಕೆ, ದೊಡ್ಡ ಚೌಕಕ್ಕೆ ಬಂದವು. ಅವು ಸಾರ್ವಜನಿಕರ ಕ್ಯಾಮೆರಾಗಳು, ಅವುಗಳ ಮೇಲೆ ಯಾರೂ ಹೊಟ್ಟೆಕಿಚ್ಚು ಪಡುವಂತಿರಲಿಲ್ಲ. ಸುರಪುರದಲ್ಲಿ ಮಾತ್ರ, ಎರಡು ಓಣಿ ಕೂಡುವ ಜಾಗ ಎಂಬ ನೆಪದಲ್ಲಿ, ಒಂದು ಕಂಬ ಹೋಗಿ ನೇರವಾಗಿ ಒಬ್ಬ ಖಾಸಗಿ ಮನುಷ್ಯನ ಗೇಟಿನ ಮುಂದೆ ನಿಂತುಬಿಟ್ಟಿತ್ತು.

"ಇಪ್ಪತ್ನಾಕ್ ತಾಸೂ ನಮ್ಮ ಮನಿ ಮ್ಯಾಲ ಸರ್ಕಾರದ ನಜರ್ ಅದ ನೋಡ್ರಿ," ಎಂದ ಷಡ್ಡಕ, ಅನ್ನ ಕಲಸುತ್ತ. "ನಾ ಹಾಲ್ ತರಾಕ ಹೋಗೂದೂ ರೆಕಾರ್ಡ್ ಆಗ್ತದ."

"ಯವ್ವಾ! ಹಾಲ್ ತರೂದೂ?" ಎಂದರು ಅತ್ತೆ, ಮಿಳ್ಳಿ ಹಿಡಿದುಕೊಂಡೇ.

"ಹೌದ್ರಿ. ಒಂದು ತಿಂಗಳ ತನಕಾ ಇಟ್ಟಿರ್ತಾರಂತ." ಅವನು ನನ್ನ ಕಡೆ ತಿರುಗಿದ. "ನಿಮ್ಮ ಓಣಿಗಿ ಬಂದದೇನು?"

"ನಮ್ಮ ಓಣ್ಯಾಗ ಕಳ್ಳರಿಲ್ಲ," ಎಂದೆ.

"ಕಳ್ಳರು ಬರಬೇಕಾದ್ರ ಒಯ್ಯಾಕ ಏನರ ಇರಬೇಕಲ್ಲ!"

ಪಂಕ್ತಿ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಅದನ್ನು ನಾನು ಇನ್ನೂ ಮರೆತಿಲ್ಲ. ಮಿಳ್ಳಿ ಬಗ್ಗಿತು. ಯಾರ ಎಲೆಯ ಮೇಲೆ ಎಂದು ಹೇಳಬೇಕಾಗಿಲ್ಲ.

ಮುಂದಿನ ವಾರ, ಕೆಲಸವಿಲ್ಲದಿದ್ದರೂ, ಸುರಪುರಕ್ಕೆ ಹೋದೆ. ಕಂಬ ಎತ್ತರವಾಗಿತ್ತು. ತುದಿಯಲ್ಲಿ ಬಿಳಿಯ ಕ್ಯಾಮೆರಾ, ಮದುವೆಮನೆಯಲ್ಲಿ ಲೋಪ ಹುಡುಕುವ ಬೀಗರಂತೆ, ಕತ್ತು ಬಗ್ಗಿಸಿ ನೋಡುತ್ತಿತ್ತು. ಜೀವಮಾನವಿಡೀ ಬನಿಯನ್ನಿನಲ್ಲಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಓಣಿ ತಿರುಗಿದ ಷಡ್ಡಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಹಾಲಿನ ಪಾಕೀಟು ತರಲು ಹೊರಟಿದ್ದ. ಗೇಟು ದಾಟುವಾಗ ಒಂದು ಕ್ಷಣ ನಿಂತು ಮುಖವನ್ನು ಸ್ವಲ್ಪ ಮೇಲೆತ್ತಿದ, ಮುಗಿಲು ನೋಡಿದವನ ಹಾಗೆ. ನಾನು ಅವನ ಮಗ್ಗುಲಿಗೆ ಹೋಗಿ ನಿಂತೆ.

"ಜರಾ ಆ ಕಡೆ ಸರೀರಿ," ಎಂದ. "ಅಡ್ಡ ಬರಾಕತ್ತೀರಿ."

ಸರಿದೆ. ಸರಿಯುವಾಗ ನಾನೂ ಕೂದಲು ನೇವರಿಸಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ವಾಪಸಾಗುವ ಬಸ್ಸಿನಲ್ಲಿ, ಕಿಟಕಿಗೆ ಹಣೆ ಹಚ್ಚಿ ಕೂತು, ನಮ್ಮ ಓಣಿಯ ಪ್ರತಿಯೊಂದು ಮನೆಯ ಮುಂದೂ ಆ ಕಂಬವನ್ನು ನಿಲ್ಲಿಸಿ ನೋಡಿದೆ. ಎಲ್ಲಿ ನಿಲ್ಲಿಸಿದರೂ ಅದು ನಮ್ಮ ಮನೆಯ ಮುಂದೆಯೇ ಚೆನ್ನಾಗಿ ಕಂಡಿತು.

ನಮ್ಮ ಓಣಿಯ ಭೂಗೋಳವನ್ನು ಇಲ್ಲಿ ಹೇಳಿಬಿಡಬೇಕು. ಇಪ್ಪತ್ತು ಮನೆಗಳು, ಎಲ್ಲವಕ್ಕೂ ಓಣಿಗೆ ಒಂದು ಮುಂಬಾಗಿಲು, ಹಿಂದಿನ ಸಂದಿಗೆ ಒಂದು ಹಿತ್ತಲ ಬಾಗಿಲು. ಮುಂಬಾಗಿಲಲ್ಲಿ ರಂಗೋಲಿ, ತೋರಣ, ವಿಭೂತಿ, ಶುದ್ಧ ಸಸ್ಯಾಹಾರ. ಹಿತ್ತಲ ಬಾಗಿಲಿಗೆ ಬುಧವಾರ ಮತ್ತು ಭಾನುವಾರ ನಸುಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿಯೊಂದರಿಂದ ಮೊದಲ ಬಸ್ಸಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಹಸಿ ಗೋಣಿತಟ್ಟು, ಅದರ ಕೆಳಗೆ ಮೀನು. ಬೇರೆ ಓಣಿಗಳಲ್ಲಿ ಅವಳು ಕೂಗಿ ಮಾರುತ್ತಿದ್ದಳು. ನಮ್ಮಲ್ಲಿ ಕೂಗುತ್ತಿರಲಿಲ್ಲ. ಚಿಲಕವನ್ನು ಎರಡು ಸಲ ಬಳೆಯಿಂದ ತಟ್ಟುತ್ತಿದ್ದಳು, ಅಷ್ಟೇ.

ನನ್ನ ಮಾವನ ಮನೆ ಎಂಥದೆಂದರೆ, ಮೊಟ್ಟೆಯ ಚಿತ್ರವಿದ್ದ ಶಾಲೆಯ ಪುಸ್ತಕವನ್ನೂ ಅಡುಗೆಮನೆಯೊಳಗೆ ಒಯ್ಯುವಂತಿರಲಿಲ್ಲ. ಆ ಮನೆಯ ಮಗಳನ್ನು ಮದುವೆಯಾದ ನಾನೂ ಅಂಥವನೇ ಆಗಿದ್ದೆ. ಬಹಳ ವರ್ಷಗಳ ಹಿಂದೆ ಕಣ್ಣಿನ ಡಾಕ್ಟರೊಬ್ಬರು, ಅಕ್ಷರ ನೋಡಿ ಬದುಕುವವನು ನೀನು, ಮೀನು ತಿಂದರೆ ಒಳ್ಳೆಯದು ಎಂದರು. ವೈದ್ಯರ ಮಾತು ಮೀರಬಾರದು. ಹಿತ್ತಲಿನ ಬೇವಿನ ಮರದ ಕೆಳಗೆ ಬೇರೆ ಒಲೆ, ಬೇರೆ ಮಣ್ಣಿನ ಗಡಿಗೆ. ಹೆಂಡತಿ ತಿನ್ನುತ್ತಿರಲಿಲ್ಲ, ಉಪ್ಪು ಮಾತ್ರ ನೋಡುತ್ತಿದ್ದಳು. ಮೊದಮೊದಲು ಬೆರಳ ತುದಿಯಿಂದ ನೋಡುತ್ತಿದ್ದವಳು ಕ್ರಮೇಣ ಬಾಲದ ತುಂಡಿನಿಂದ ನೋಡತೊಡಗಿದಳು. ಈಚಿನ ವರ್ಷಗಳಲ್ಲಿ ನಡುವಿನ ತುಂಡಿಲ್ಲದೆ ಅವಳಿಗೆ ಉಪ್ಪು ತಿಳಿಯುತ್ತಿರಲಿಲ್ಲ.

ಇನ್ನು ಕಥೆಗೆ ಬರುತ್ತೇನೆ. ಹಬ್ಬಗಳ ಮುಂಚೆ ಠಾಣೆಯಲ್ಲಿ ಶಾಂತಿ ಸಭೆ ಎಂದು ಕರೆಯುತ್ತಾರೆ. ಓಣಿಗೊಬ್ಬ ಗಣ್ಯನನ್ನು ಕೂಡಿಸಿ, ಚಹಾ ಕೊಟ್ಟು, ಗಲಾಟೆ ಮಾಡಬೇಡಿ ಎಂದು ಹೇಳುತ್ತಾರೆ. ಗಲಾಟೆ ಮಾಡುವವರು ಯಾರೂ ಅಲ್ಲಿ ಇರುವುದಿಲ್ಲ. ನಮ್ಮ ಓಣಿಯ ಗಣ್ಯ ನಾನು. ಈ ಸಲ ಹೊಸ ಸಾಹೇಬರು ಬಂದಿದ್ದರು, ದಕ್ಷಿಣದ ಕಡೆಯವರು. ಮೆತ್ತಗಿನ ಮಾತು, ಪ್ರತಿಯೊಂದನ್ನೂ ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುವ ಅಭ್ಯಾಸ.

"ಎರಡನೇ ಹಂತದ ಕ್ಯಾಮೆರಾಗಳು ಬರ್ತಿವೆ," ಎಂದರು. "ಎಲ್ಲಿ ಅಪರಾಧ ಜಾಸ್ತಿ ಇದೆಯೋ ಅಲ್ಲಿಗೆ ಮೊದಲು. ನಿಮ್ಮ ಬೀದಿಯಲ್ಲಿ ಏನೇನಾಗಿದೆ ಅಂತ ಬರವಣಿಗೆಯಲ್ಲಿ ಕೊಡಿ."

ಹಿಂದಿನ ಓಣಿಯ ಗಣ್ಯ ತಟ್ಟನೆ ಎದ್ದ. "ನಮ್ಮಲ್ಲಿ ಹೋದ ತಿಂಗಳ ಮೋಟರ್‌ಸೈಕಲ್ ಹೋಗ್ಯಾದ್ರಿ, ಸಾಹೇಬ್ರ. ಹೊಸಾದು." ಹೇಳಿ, ಸುತ್ತ ನೋಡಿ, ಕೂತ. ಸ್ವಂತ ಮೋಟರ್‌ಸೈಕಲ್ ಕಳೆದುಕೊಂಡವನ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಷಡ್ಡಕನ ಮೇಲಿದ್ದ ಕಿಚ್ಚಿನಲ್ಲಿ ಒಂದು ಪಾಲನ್ನು ತೆಗೆದು ಅವನಿಗೂ ಕೊಟ್ಟೆ.

ನಮ್ಮ ಓಣಿಯಲ್ಲಿ ಏನು ನಡೆದಿತ್ತು? ನಾಚಿಕೆಗೇಡು, ಏನೂ ನಡೆದಿರಲಿಲ್ಲ. ಸಂಜೆ ಗುಡಿಯ ಕಟ್ಟೆಗೆ ಎಲ್ಲರನ್ನೂ ಕರೆದು ಪರಿಸ್ಥಿತಿಯ ಗಾಂಭೀರ್ಯವನ್ನು ವಿವರಿಸಿದೆ: ಕಳ್ಳತನವಿಲ್ಲದ ಓಣಿಗೆ ಸರ್ಕಾರ ಕಣ್ಣೆತ್ತಿ ನೋಡುವುದಿಲ್ಲ.

ಮೂಲೆಮನೆಯ ಮುದುಕಿ ಬಹಳ ಹೊತ್ತು ಯೋಚಿಸಿದಳು. "ನಮ್ಮದೊಂದು ಹಿತ್ತಾಳಿ ತಂಬಿಗಿ ಹೋಗಿತ್ತಪ್ಪ. ನನ್ನ ಸೊಸಿ ಬಂದ ವರ್ಷ."

ಅದನ್ನು ಬರೆದುಕೊಂಡೆ. ಎದುರಿಗೆ ಕೂತಿದ್ದ ಹಿಟ್ಟಿನ ಗಿರಣಿಯವನಿಗೆ ತಡೆಯಲಾಗಲಿಲ್ಲ. "ನಮ್ಮವು ಎರಡು ತಂಬಿಗಿ ಬರಕೋರಿ."

"ನಿಮ್ಮ ಮನ್ಯಾಗ ಎರಡು ತಂಬಿಗಿ ಯಾವಾಗ ಇದ್ದವೋ?" ಎಂದಳು ಮುದುಕಿ.

"ಕಳುವಾಗೂಕಿಂತ ಮೊದಲು ಇದ್ದವು."

"ಹಂಗಾದ್ರ ನಮ್ಮದು ಬೆಳ್ಳಿ ಉಡದಾರಾನೂ ಹೋಗ್ಯಾದ, ಬರಿ."

"ನಮ್ಮದು ಬಂಗಾರದ ಬೋರಮಾಳ!" ಎಂದಿತು ಹಿಂದಿನಿಂದ ಇನ್ನೊಂದು ದನಿ. ಜೀವಮಾನದಲ್ಲಿ ಬೋರಮಾಳ ಸರವನ್ನು ದೂರದಿಂದ ಮಾತ್ರ ಕಂಡಿದ್ದ ಮನೆಯದು. ಕಳವಾಯಿತೆಂದರೆ ಮನೆಯಲ್ಲಿ ಇತ್ತೆಂದಾಯಿತು. ಇತ್ತೆಂದು ಸರ್ಕಾರಿ ಕಾಗದದ ಮೇಲೆ ಬರೆಸುವ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಒಬ್ಬರ ಬೋರಮಾಳ ಕೇಳಿ ಪಕ್ಕದ ಮನೆಯವರ ಪಾಟಲಿ ಬಳೆಗಳು ಕಳವಾದವು. ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಸುಮ್ಮನೆ ಕೂತಿದ್ದರು.

"ನಿಮ್ಮದೇನು ಹೋಗ್ಯಾದ?" ಎಂದು ಕೇಳಿದೆ.

"ಏನೂ ಹೋಗಿಲ್ರಿ."

"ಹಂಗಂದ್ರ ಹ್ಯಾಂಗ?" ಎಂದ ಗಿರಣಿಯವನು. "ಓಣ್ಯಾಗ ಹೊಂದಿಕೊಂಡು ಇರಬೇಕೋ ಬ್ಯಾಡೋ?"

ಅವರು ಒಂದು ಕುಕ್ಕರ್ ಕೊಟ್ಟರು.

ಇದನ್ನು ಸುಳ್ಳೆಂದು ತಿಳಿಯುವವರು ಅರ್ಜಿಯ ಧರ್ಮವನ್ನು ಅರಿಯದವರು. ನಮ್ಮ ಕಡೆ ಅರ್ಜಿಗೆ ಒಂದು ಪದ್ಧತಿ ಇದೆ: ಬೇಕಾದದ್ದನ್ನು ನಾಲ್ಕರಿಂದ ಗುಣಿಸಿ ಬರೆಯಬೇಕು. ಒಂದು ನಳ ಬೇಕಾದರೆ ಓಣಿಗೆ ಓಣಿಯೇ ಗಂಟಲೊಣಗಿ ಬಿದ್ದಿದೆ ಎಂದು ಟೈಪು ಮಾಡುತ್ತೇನೆ. ಓದುವವರು ನಾಲ್ಕರಿಂದ ಭಾಗಿಸುತ್ತಾರೆ. ನಳ ಬರುತ್ತದೆ. ಎರಡೂ ಕಡೆಯವರಿಗೆ ಇದು ಗೊತ್ತು. ಈ ನಂಬಿಕೆಯ ಮೇಲೆಯೇ ನಮ್ಮ ಭಾಗದ ಅಭಿವೃದ್ಧಿ, ಆದಷ್ಟು, ಆಗಿದೆ.

ಆದರೆ ಓಣಿಯವರ ಕಳವುಗಳೆಲ್ಲ ಹಳೆಯವು. ಅರ್ಜಿಗೆ ಒಂದು ತಾಜಾ ಸಂಗತಿ ಇರಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಇದು ನನ್ನ ವೃತ್ತಿಯ ಅನುಭವ. ಹಾಗಾಗಿ ಕೊನೆಯ ಕಲಮಿನಲ್ಲಿ ನನ್ನದನ್ನೇ ಹಾಕಿದೆ: ಕಳೆದ ಬುಧವಾರ ನಸುಕಿನಲ್ಲಿ ಅರ್ಜಿದಾರನ ಹಿತ್ತಲಿನಿಂದ ಅಜ್ಜನ ಕಾಲದ ತಾಮ್ರದ ಕೊಡವೊಂದು ಅಪಹರಿಸಲ್ಪಟ್ಟಿರುತ್ತದೆ. ಕೊಡ ಅಟ್ಟದ ಮೇಲೆ ಗೋಣಿಚೀಲಗಳ ಕೆಳಗೆ ಸುರಕ್ಷಿತವಾಗಿತ್ತು. ಬುಧವಾರ ಎಂದು ಯಾಕೆ ಬರೆದೆನೋ ಕಾಣೆ. ಬಹುಶಃ ಟೈಪು ಮಾಡುವಾಗ ಹಿತ್ತಲು, ನಸುಕು ಎಂದೊಡನೆ ಬೆರಳು ತಾನಾಗಿ ಆ ವಾರಕ್ಕೆ ಹೋಯಿತು.

ಸಾಹೇಬರು ಅರ್ಜಿಯನ್ನು ಓದಿದರು. ದಕ್ಷಿಣದವರು, ಬರೆದದ್ದನ್ನು ಬರೆದ ಹಾಗೆಯೇ ಓದುವ ಅಭ್ಯಾಸ ಅವರದು. ಭಾಗಿಸಲಿಲ್ಲ. ಎರಡೇ ದಿನಗಳಲ್ಲಿ ಖುದ್ದಾಗಿ ಓಣಿಗೆ ಬಂದರು, ಅತ್ತಿತ್ತ ಅಡ್ಡಾಡಿ, ನಮ್ಮ ಗೇಟಿನ ಮಗ್ಗುಲಿಗೆ ನಿಂತು, ಜೊತೆಗಿದ್ದ ಪೇದೆಗೆ ಹೇಳಿ ನೆಲದ ಮೇಲೆ ಸುಣ್ಣದಿಂದ ಒಂದು ದುಂಡನೆಯ ಗುರುತು ಹಾಕಿಸಿದರು. ಕಂಬ ಅಲ್ಲೇ. ನಾನು ಆ ಗುರುತಿನ ಸುತ್ತ ಒಂದು ಪ್ರದಕ್ಷಿಣೆ ಹಾಕುವುದೊಂದು ಬಾಕಿ.

ಅಂದೇ ಷಡ್ಡಕನಿಗೆ ಫೋನು ಮಾಡಿದೆ. "ನಮ್ಮ ಮನಿ ಮುಂದೂ ಬರಾಕತ್ತದ."

"ಒಂದಾ?" ಎಂದ.

"ಎರಡು," ಎಂದೆ. ಗುಣಾಕಾರ ನನ್ನ ರಕ್ತದಲ್ಲಿದೆ.

"ಹಂಗಾದ್ರ ಬರೂ ಆಯ್ತಾರ ಬಂದು ಜಾಗಾ ನೋಡ್ಕೊಂಡ್ ಹೋಗ್ತೀನಿ," ಎಂದ. ಆ ದನಿಯಲ್ಲಿದ್ದ ಹುಳಿ ನನಗೆ ಮೂವತ್ತು ವರ್ಷಗಳ ತುಪ್ಪಕ್ಕಿಂತ ಹಿತವಾಗಿತ್ತು.

ಆ ಸಂತೋಷದಲ್ಲಿ, ಸಾಹೇಬರು ಗುರುತು ಹಾಕಿದ ಮೇಲೆ ಮನೆಮನೆಗೆ ಹೋಗಿ ಏನು ಕೇಳಿದರು ಎಂಬುದನ್ನು ನಾನು ಗಮನಿಸಲಿಲ್ಲ. ಬುಧವಾರ ನಸುಕಿನಲ್ಲಿ ಓಣಿಗೆ ಹೊರಗಿನವರು ಯಾರಾದರೂ ಬಂದಿದ್ದರೇ ಎಂದು ಕೇಳಿದ್ದರು. ಗಿರಣಿಯವನು ಹೇಳಿದ್ದ: "ಮೀನಿನಾಕಿ ಮಾಸ್ತರ್ರ ಹಿತ್ತಲದಿಂದ ಹೊಂಟಿದ್ದು ನೋಡೀನ್ರಿ. ಬುಟ್ಟಿ ಭಾರ ಇತ್ತು." ಬುಟ್ಟಿಯ ಭಾರ ಅವನಿಗೆ ಗೊತ್ತಿರಲೇಬೇಕು, ಆಮೇಲೆ ಅವನ ಹಿತ್ತಲಲ್ಲೇ ಅದು ಹಗುರಾಗಿತ್ತು.

ಶ್ರಾವಣ ಹತ್ತಿತು. ನಮ್ಮ ಕಡೆ ಶ್ರಾವಣದಲ್ಲಿ ತಿನ್ನುವವರೂ ಬಿಡುತ್ತಾರೆ. ಆ ತಿಂಗಳು ಅವಳ ಬುಟ್ಟಿ ಚಿಕ್ಕದಾಗುತ್ತದೆ, ಆದರೂ ಬರುತ್ತಾಳೆ. ಕಣ್ಣಿನ ಕಾಯಿಲೆಗೆ ಮಾಸಗಳ ಭೇದವಿಲ್ಲ. ಆ ಬುಧವಾರ ಚಿಲಕ ತಟ್ಟಲಿಲ್ಲ. "ಯಾಕ ಬರಲಿಲ್ಲ?" ಎಂದು ಹೆಂಡತಿ ಎರಡು ಸಲ ಹಿತ್ತಲಿಗೆ ಹೋಗಿ ಬಂದಳು.

ಗುರುವಾರ ಮುಂಜಾನೆ ತಾಲ್ಲೂಕು ಕಚೇರಿಯ ಕಡೆ ಹೋಗುವಾಗ ಠಾಣೆಯ ಹೊರಗಿನ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಕಾಲ ಬಳಿ ಬುಟ್ಟಿ, ಬುಟ್ಟಿಯ ಮೇಲೆ ನೊಣ.

"ಏನವಾ, ಇಲ್ಲಿ?"

"ನಿಮ್ಮ ಕೊಡ ನಾ ಒಯ್ದೀನಂತ್ರೀ, ಮಾಸ್ತರ್ರ." ಸಿಟ್ಟಿಲ್ಲ, ಬಸ್ಸು ತಡವಾಯಿತು ಎನ್ನುವ ದನಿ. "ತಪಾಸ ಮುಗಿಯೂ ತನಕಾ ದಿನಾ ಒಂಬತ್ತಕ್ಕ ಬಂದು ಸಹಿ ಮಾಡಬೇಕಂತ. ಒಂಬತ್ತಕ್ಕ ಇಲ್ಲಿ ಕುಂತ್ರ ಮೀನ ಯಾವಾಗ ಮಾರ್ಲಿ? ಎರಡು ದಿನದ ಮಾಲು ಹೊಳಿಗೇ ವಾಪಸ್ ಚೆಲ್ಲೀನಿ."

"ಹಿತ್ತಲಕ್ಕ ಯಾಕ ಹೋಗಿದ್ದಿ ಅಂತ ಕೇಳಿದ್ರ ಏನಂದಿ?"

"ನೀರು ಕುಡ್ಯಾಕ ಅಂದೆ."

"ಖರೇ ಹೇಳಬೇಕಿಲ್ಲೋ?"

ಅವಳು ನನ್ನನ್ನು ನೋಡಿದಳು, ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ. "ಗಿರಾಕಿ ಹೆಸರ ನಾವು ಹೇಳಂಗಿಲ್ರೀ. ನಮ್ಮವ್ವನೂ ಹೇಳಿದಾಕಿ ಅಲ್ಲ. ನಿಮ್ಮೊಬ್ಬರ ಹೆಸರು ಹೇಳಿದ್ರ ಇಪ್ಪತ್ತು ಬಾಗಲಾ ಮುಚ್ಚತಾವ. ಹೇಳದಿದ್ರ ಇಪ್ಪತ್ತು ಓಣಿ ಮುಚ್ಚತಾವ. ಕಳ್ಳಿ ಅಂದಮ್ಯಾಲ ಯಾರು ಹತ್ತಿರ ಬಿಡತಾರ? ನೀವೇ ಓದಿದವರು, ಯಾವುದು ಬರೋಬರಿ ಹೇಳ್ರಿ."

ಬರೋಬರಿ ಯಾವುದೆಂದು ನನಗೆ ಗೊತ್ತಿತ್ತು. ಆದರೆ ಅದಕ್ಕಿಂತ ಅಗ್ಗವಾದದ್ದನ್ನು ಮೊದಲು ಮಾಡಿ ನೋಡುವುದು ಮನುಷ್ಯ ಸ್ವಭಾವ. ನೇರವಾಗಿ ಒಳಗೆ ಹೋಗಿ, "ಸಾಹೇಬ್ರ, ನಮ್ಮ ಕೊಡ ಸಿಕ್ತುರಿ," ಎಂದೆ.

"ಎಲ್ಲಿ ಸಿಕ್ತು?"

"ಮನ್ಯಾಗೇ."

ಸಾಹೇಬರ ಮುಖ ಅರಳಿತು. ಡೈರಿ ತೆಗೆದರು. "ನೋಡಿ, ಹೆದರಿ ವಾಪಸ್ ತಂದಿಟ್ಟಿದ್ದಾಳೆ. ವಿಚಾರಣೆಯ ಪರಿಣಾಮ. ಒಂದು ಹೇಳಿಕೆ ಕೊಟ್ಟುಬಿಡಿ, ಕೇಸು ಗಟ್ಟಿಯಾಗುತ್ತೆ."

ನಾಳೆ ಕೊಡುತ್ತೇನೆಂದು ಹೇಳಿ ಹೊರಗೆ ಬಂದೆ. ಅವಳ ಕಡೆ ನೋಡದೆ ದಾಟಿದೆ.

ಅಂದು ಯಾರ ಅರ್ಜಿಯನ್ನೂ ಟೈಪು ಮಾಡಲಿಲ್ಲ. ಮನೆಗೆ ಬಂದು ಗೇಟಿನ ಬಳಿ ನಿಂತು ಸುಣ್ಣದ ಗುರುತನ್ನು ನೋಡಿದೆ. ಭಾನುವಾರ ಷಡ್ಡಕ ಬರುವವನಿದ್ದ. ಅವನು ಆ ಗುರುತಿನ ಮುಂದೆ ನಿಲ್ಲುವುದನ್ನು, ನಾನು "ಜರಾ ಆ ಕಡೆ ಸರೀರಿ" ಎನ್ನುವುದನ್ನು ನಾಲ್ಕೈದು ಸಲ ಮನಸ್ಸಿನಲ್ಲಿ ಆಡಿಸಿ ನೋಡಿದ್ದೆ. ತಪಾಸಣೆ ಹೇಗೂ ಒಂದು ದಿನ ಮುಗಿಯುತ್ತದೆ. ಪುರಾವೆಯಿಲ್ಲದೆ ಅವಳನ್ನು ಬಿಟ್ಟೇ ಬಿಡುತ್ತಾರೆ. ಅಷ್ಟರಲ್ಲಿ ಕಂಬ ನಿಂತಿರುತ್ತದೆ. ಹೀಗೆ ಯೋಚಿಸಿದೆ. ಯೋಚಿಸಲಿಲ್ಲ ಎಂದು ಬರೆದರೆ ಅದು ಇನ್ನೊಂದು ಅರ್ಜಿಯಾದೀತು.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನಿಚ್ಚಣಿಕೆ ಹಾಕಿ ಅಟ್ಟ ಹತ್ತಿದಳು, ಕೊಡ ಇಳಿಸಿ ತಂದು ಟೈಪ್‌ರೈಟರಿನ ಪಕ್ಕದಲ್ಲಿ ಟಣ್ ಎಂದು ಇಟ್ಟಳು.

"ಬರೀರಿ."

"ಏನಂತ ಬರೀಲಿ?"

"ಆದದ್ದು ಆದಂಗ. ನಾ ಉಪ್ಪು ನೋಡಿದ್ದೂ ಬರೀರಿ."

"ಯಾದಗಿರಿಗಿ ಗೊತ್ತಾದ್ರ? ನಿಮ್ಮವ್ವ ಒಳಗ ಕರ್ಕೊಂಡಾರೇನು?"

"ಒಳಗ ಕರ್ಕೊಳ್ಳಾಕ ನಾ ಹೊರಗ ಬಂದು ಮೂವತ್ತು ವರ್ಷಾತು," ಎಂದಳು. "ಆಕಿ ಮೂರು ದಿನದಿಂದ ಕಟ್ಟಿ ಮ್ಯಾಲ ಕುಂತಾಳ. ನೀವು ಆ ಸುಣ್ಣ ನೋಡ್ಕೋತ ನಿಂತೀರಿ. ನಮ್ಮ ಭಾವನ್ನ ನೋಡಿ ಉರಕೊಳ್ಳೂದು ಬಿಟ್ಟು ಒಂದ್ ತಾಸು ಬ್ಯಾರೆ ಕೆಲಸ ಮಾಡ್ರಿ."

ನನ್ನ ಜೊತೆ ಸಹಿ ಹಾಕಲು ಯಾರಾದರೂ ಬರುತ್ತಾರೇನೋ ಎಂದು ಓಣಿಯಲ್ಲಿ ಕೇಳಿ ನೋಡಿದೆ. ಮೂಲೆಮನೆಯ ಮುದುಕಿ, ಶ್ರಾವಣದಾಗ ಮೀನಿನ ಮಾತು ಕಿವಿಗಿ ಬಿದ್ರೂ ಪಾಪ, ಎಂದು ಕಿವಿ ಮುಚ್ಚಿಕೊಂಡಳು; ಆ ಕಿವಿಗೆ ಚಿಲಕದ ಸದ್ದು ಮಾತ್ರ ಎಂದೂ ತಪ್ಪಿದ್ದಿಲ್ಲ. ಗಿರಣಿಯವನು, "ನಾ ನೋಡಿದ್ದು ಖರೆ, ಭಾರ ಅಂದದ್ದು ಅಂದಾಜು," ಎಂದು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಮುಂದಿನ ಮಾತು ಸಾಧ್ಯವಿರಲಿಲ್ಲ.

ಜೀವಮಾನದಲ್ಲಿ ಗುಣಿಸದೆ ಟೈಪು ಮಾಡಿದ ಅರ್ಜಿ ಅದೊಂದೇ. ಸದರಿ ಕೊಡವು ಎಂದೂ ಕಳವಾಗಿರುವುದಿಲ್ಲ. ಸದರಿ ಮಹಿಳೆಯು ಅರ್ಜಿದಾರನ ಹಿತ್ತಲಿಗೆ ಅರ್ಜಿದಾರನ ಕರೆಯ ಮೇರೆಗೆ, ಮೀನು ಕೊಡುವ ಸಲುವಾಗಿ, ಹಲವು ವರ್ಷಗಳಿಂದ ಬರುತ್ತಿದ್ದು, ಶ್ರಾವಣದಲ್ಲಿಯೂ ಬರುತ್ತಿದ್ದು, ಸದರಿ ಮೀನನ್ನು ಅರ್ಜಿದಾರನು ತಿಂದಿರುತ್ತಾನೆ. ಅರ್ಜಿದಾರನ ಪತ್ನಿಯು ಉಪ್ಪು ನೋಡಿರುತ್ತಾಳೆ. ಕೆಳಗೆ ಎರಡು ಸಹಿ.

ಶುಕ್ರವಾರ ಕೊಡವನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಕಾಗದವನ್ನು ಎರಡು ಸಲ ಓದಿದರು.

"ಅಂದ್ರೆ ಕೊಡ ಕಳವಾಗಿಲ್ಲ."

"ಇಲ್ರಿ."

"ಬೋರಮಾಳ? ಪಾಟಲಿ? ಈ ಕುಕ್ಕರ್?"

"ನಮ್ಮ ಕಡೆ ಅರ್ಜೀನ ನಾಲ್ಕರಿಂದ ಭಾಗಿಸಿ ಓದಬೇಕ್ರಿ, ಸಾಹೇಬ್ರ."

ಅವರು ನಿಜಕ್ಕೂ ಪೆನ್ನು ತೆಗೆದರು. "ಭಾಗಿಸಿದ್ರೆ ಎಷ್ಟು ಉಳಿಯುತ್ತೆ?"

"ಒಂದು ತಂಬಿಗಿ. ಅದೂ ಬಾವ್ಯಾಗ ಬಿದ್ದಿರಬೇಕು."

ಸುಳ್ಳು ದೂರಿಗೆ ಏನು ಶಿಕ್ಷೆ ಎಂಬುದನ್ನು ಅವರು ಮೆತ್ತಗಿನ ದನಿಯಲ್ಲೇ ತಿಳಿಸಿದರು. ಮೆತ್ತಗೆ ಹೇಳಿದ್ದರಿಂದ ಹೆಚ್ಚು ತಾಗಿತು. ಕೊನೆಗೆ ತಪ್ಪೊಪ್ಪಿಗೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ಕಟ್ಟೆಯ ಮೇಲಿದ್ದವಳನ್ನು ಕರೆಸಿ, ಇನ್ನು ಸಹಿಗೆ ಬರಬೇಕಾಗಿಲ್ಲ, ತಪ್ಪು ತಿಳಿವಳಿಕೆಯಾಗಿತ್ತು ಎಂದರು.

ಹೊರಗೆ ಬಂದು ಅವಳು ತಲೆಯ ಮೇಲಿನ ಬಟ್ಟೆಯ ಸಿಂಬಿ ಸರಿಮಾಡಿಕೊಂಡಳು. ನಾನು ಬುಟ್ಟಿಗೆ ಕೈ ಕೊಡಲು ಹೋದೆ. "ಬ್ಯಾಡ್ರಿ, ನಾಕು ದಿನದಾಗ ಎತ್ತೂದು ಮರತಿಲ್ಲ," ಎಂದು ತಾನೇ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಆಯ್ತಾರ ಬರ್ತೀನಿ. ಯಾವ ಬಾಗಲಿಗಿ ಬರ್ಲಿ?"

"ಮುಂದಿನ ಬಾಗಲಿಗಿ ಬಾ," ಎಂದೆ. ಹಿಂದಿನದಕ್ಕೆ ಈಗ ಉಳಿದ ಗುಟ್ಟಾದರೂ ಏನಿತ್ತು.

ಯಾದಗಿರಿಗೆ ಸುದ್ದಿ ಶನಿವಾರವೇ ಮುಟ್ಟಿತು. ಗಿರಣಿಯವನ ತಂಗಿಯನ್ನು ಅಲ್ಲಿಗೇ ಕೊಟ್ಟಿದೆ. ಭಾನುವಾರ ಷಡ್ಡಕ ಜಾಗ ನೋಡಲು ಬರಲಿಲ್ಲ, ಫೋನು ಬಂತು. ಏನು ಅನ್ನುತ್ತಾನೋ ಎಂದು ಬಾಗಿಲು ಹಾಕಿಕೊಂಡು ಕಿವಿಗೆ ಹಚ್ಚಿದೆ.

"ಯಾವ ಮೀನ ಅದು?" ಎಂದ, ದನಿ ತಗ್ಗಿಸಿ.

ಹೇಳಿದೆ.

"ನಾರಾಯಣಪುರದ ಕ್ವಾರ್ಟರ್ಸ್‌ನಾಗ ಇದ್ದಾಗ..." ಎಂದು ನಿಲ್ಲಿಸಿದ. ಆಮೇಲೆ, "ಇಲ್ಲೂ ಒಬ್ಬಾಕಿ ಬರ್ತಿದ್ಲು. ಈ ಕ್ಯಾಮೆರಾ ಬಂದಾಗಿಂದ ನಾನೇ ಬರಬ್ಯಾಡ ಅಂದೀನಿ. ಗೇಟ್ ಬಿಟ್ರ ನಮಗ ಬ್ಯಾರೆ ಬಾಗಲಿಲ್ಲ. ಎಲ್ಲಾ ರೆಕಾರ್ಡ್ ಆಗ್ತದಲ್ಲ. ನಿಮ್ಮದು ಚಲೋ ಅದ ಬಿಡ್ರಿ. ಎಲ್ಲಾರಿಗೂ ಗೊತ್ತಾಗಿಬಿಟ್ಟದ."

ಮೂವತ್ತು ವರ್ಷಗಳಲ್ಲಿ ಮೊದಲ ಸಲ ಷಡ್ಡಕ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟ. ಅದನ್ನು ಎರಡು ದಿನ ಯಾರಿಗೂ ಹೇಳದೆ ಇಟ್ಟುಕೊಂಡು ಸುಖಪಟ್ಟೆ. ಮೂರನೆಯ ದಿನ ಹೆಂಡತಿಗೆ ಹೇಳಿದೆ. ಯಾದಗಿರಿಗೆ ಮಾತ್ರ ಹೇಳಲಿಲ್ಲ. ಗಿರಾಕಿಯ ಹೆಸರು ಹೇಳಬಾರದೆಂಬ ನೇಮವನ್ನು ಅಷ್ಟರಲ್ಲಿ ಕಲಿತಿದ್ದೆ.

ಆದರೂ ಕಿಚ್ಚು ಆರಿತೆಂದು ತಿಳಿಯಬಾರದು. ಮುಂದಿನ ಹಬ್ಬಕ್ಕೆ ಯಾದಗಿರಿಗೆ ಹೋದಾಗ ಅತ್ತೆ ನನಗೂ ಹೆಂಡತಿಗೂ ಹೊರಗಿನ ಪಡಸಾಲೆಯಲ್ಲಿ ಎಲೆ ಹಾಕಿಸಿದರು. ಹೋಳಿಗೆ ಬಂತು, ತಣ್ಣಗಾಗಿ. ಮಿಳ್ಳಿ ಹೊಸ್ತಿಲು ದಾಟಲೇ ಇಲ್ಲ. ಒಳಗಿನ ಪಂಕ್ತಿಯ ಮೊದಲ ಎಲೆಯ ಮುಂದೆ ಷಡ್ಡಕ ಇಸ್ತ್ರಿ ಅಂಗಿಯಲ್ಲಿ ಕೂತು, ಬಾಗಿಲ ಸಂದಿನಿಂದ ನಮ್ಮ ಕಡೆ ನೋಡುತ್ತ, ಎರಡನೆಯ ಸಲ ತುಪ್ಪ ಹಾಕಿಸಿಕೊಂಡ.

ಗೇಟಿನ ಮುಂದಿನ ಸುಣ್ಣದ ಗುರುತು ಮಳೆಗೆ ಹೋಯಿತು. ಕಂಬವನ್ನು ಮೋಟರ್‌ಸೈಕಲ್ ಕಳೆದುಕೊಂಡ ಹಿಂದಿನ ಓಣಿಯಲ್ಲಿ ನಿಲ್ಲಿಸಿದರು. ನಮ್ಮ ಓಣಿಗೆ ಕ್ಯಾಮೆರಾ ಬರಲಿಲ್ಲ. ಮೀನಿನವಳು ಬುಧವಾರ ಮತ್ತು ಭಾನುವಾರ ಬರುತ್ತಾಳೆ. ನಮ್ಮ ಮನೆಗೆ ಮುಂಬಾಗಿಲಿಗೆ, ಉಳಿದ ಹತ್ತೊಂಬತ್ತು ಮನೆಗಳಿಗೆ ಹಿತ್ತಲಿಗೆ.